ಮಗುಗೆ ಜ್ವರದಲ್ಲಿ ಫಿಟ್ಸ್ ಬಂತು, ಇನ್ನೂ ನನ್ನ ಕೈ ನಡುಕ ನಿಂತಿಲ್ಲ, ಅನುಭವ ಇರೋರು ದಯವಿಟ್ಟು ಬರೀರಿ

ತೀರ್ಥಹಳ್ಳಿ_ಅಮ್ಮ
ಜುಲೈ 16, ರಾತ್ರಿ 11:40

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಬರೋದನ್ನೆಲ್ಲ ಓದ್ತಾ ಇದೀನಿ, ಬರೀತಿರೋದು ಇದೇ ಮೊದಲು. ಮೊನ್ನೆ ರಾತ್ರಿ ನನ್ನ ಮಗನಿಗೆ ಜ್ವರದಲ್ಲಿ ಫಿಟ್ಸ್ ಬಂತು. ಒಂದು ವರ್ಷ ಎಂಟು ತಿಂಗಳು ಅವನಿಗೆ. ಈಗ ಆಟ ಆಡ್ಕೊಂಡು ಇದಾನೆ, ಅನ್ನ ತಿಂದ, ಪಕ್ಕದಲ್ಲೇ ಮಲಗಿದಾನೆ. ನನಗೆ ಮಾತ್ರ ಎರಡು ರಾತ್ರಿಯಿಂದ ಕಣ್ಣು ಮುಚ್ಚೋಕಾಗ್ತಿಲ್ಲ, ಅವನು ಸ್ವಲ್ಪ ಮಗ್ಗುಲು ಬದಲಾಯಿಸಿದ್ರೂ ಎದ್ದು ಕೂತ್ಕೋತೀನಿ.

ಆಗಿದ್ದೇನಂದ್ರೆ, ಮಧ್ಯಾಹ್ನದಿಂದ ಮೂಗು ಸೋರ್ತಿತ್ತು, ಮೈ ಸ್ವಲ್ಪ ಬೆಚ್ಚಗಿತ್ತು. ಮಳೆಗಾಲದಲ್ಲಿ ಇದೆಲ್ಲ ಇದ್ದಿದ್ದೇ ಅಂತ ಸಂಜೆ ಪ್ಯಾರಾಸಿಟಮಾಲ್ ಸಿರಪ್ ಹಾಕಿ ಸುಮ್ನಾದೆ. ರಾತ್ರಿ ಕರೆಂಟಿರ್ಲಿಲ್ಲ. ನಮ್ಮನೆಯವರು ಕೆಲಸದ ಮೇಲೆ ಹಾಸನಕ್ಕೆ ಹೋಗಿದ್ರು, ಮನೇಲಿ ನಾನು ಅತ್ತೆ ಇಬ್ರೇ. ಕಾಲ ಮೇಲೆ ಹಾಕ್ಕೊಂಡು ತಟ್ತಾ ಇದ್ದೆ, ಒಂದ್ಸಲ ಬೆಚ್ಚಿಬಿದ್ದ ಹಾಗಾಯ್ತು, ಕನಸೇನೋ ಅನ್ಕೊಂಡೆ, ಆಮೇಲೆ ನೋಡಿದ್ರೆ ಇಡೀ ಮೈ ಸೆಟ್ಕೊಂಡು ಬಿಟ್ಟಿದೆ, ಕೋಲಿನ ಥರ. ಚಾರ್ಜರ್ ಲೈಟ್ ತಂದು ನೋಡ್ತೀನಿ, ಕಣ್ಣು ಮೇಲೆ ಸಿಕ್ಕಿದೆ, ಬಿಳಿ ಮಾತ್ರ ಕಾಣ್ತಿದೆ, ಹಲ್ಲು ಕಚ್ಕೊಂಡಿದಾನೆ, ತುಟಿ ನೇರಳೆ ಹಣ್ಣು ತಿಂದವರ ಥರ ಆಗಿದೆ. ಆಮೇಲೆ ಕೈಕಾಲು ಹೊಡ್ಕೊಳ್ಳೋಕೆ ಶುರುವಾಯ್ತು. ಕರೆದ್ರೆ ಕೇಳ್ತಾನೇ ಇಲ್ಲ. ಆ ಕ್ಷಣ ನನಗೆ ಮಗು ಹೋಯ್ತು ಅಂತಲೇ ಅನ್ನಿಸ್ತು. ಇದನ್ನ ಬರೆಯೋಕೂ ಆಗ್ತಿಲ್ಲ.

ಅತ್ತೆ ಓಡಿಹೋಗಿ ಕಬ್ಬಿಣದ ಬೀಗದ ಕೈ ಗೊಂಚಲು ತಂದು ಅವನ ಮುಷ್ಟಿಗೆ ತುರುಕ್ತಿದ್ರು, ನಾನು ಹೆಸರು ಹಿಡಿದು ಕಿರುಚ್ತಾ ಅಲ್ಲಾಡಿಸ್ತಿದ್ದೆ, ಬಾಯಿಗೆ ಬೆರಳು ಹಾಕೋಕೆ ಹೋದೆ ಹಲ್ಲು ಬಿಡ್ಲೇ ಇಲ್ಲ. ಕಿರುಚಿದ್ದು ಕೇಳಿ ಪಕ್ಕದ ಮನೆ ಹುಡುಗ ಬಂದ, ಪಿಯುಸಿ ಓದೋನು. ಅವನು ಬಂದವನೇ ಮೊಬೈಲ್ ತೆಗೆದು ವೀಡಿಯೋ ಮಾಡ್ದ. ನನಗೆ ಎಷ್ಟು ಸಿಟ್ಟು ಬಂತು ಅಂದ್ರೆ ಬಾಯಿಗೆ ಬಂದಂಗೆ ಬೈದುಬಿಟ್ಟೆ. ಅಷ್ಟರಲ್ಲಿ ತಾನಾಗೇ ನಿಂತ್ಹೋಯ್ತು, ಮಗು ಬಟ್ಟೆ ಥರ ಸಡಿಲ ಆಗಿ ಗೊರಕೆ ಹೊಡೀತಾ ನಿದ್ದೆ ಹೋದ. ಆ ಹುಡುಗನ ಅಪ್ಪನ ಆಟೋದಲ್ಲೇ ಆಸ್ಪತ್ರೆಗೆ ಹೋದ್ವಿ, ಆ ಮಳೇಲಿ ಆ ರಸ್ತೇಲಿ ಒಂದು ಗಂಟೆ ಹಿಡೀತು. ದಾರೀಲಿ ಒಂದ್ಸಲ ಕಣ್ಣು ಬಿಟ್ಟು "ಅಮ್ಮ ನೀಲು" ಅಂದ. ನೀರು ಕೇಳೋದು ಹಾಗೇ ಅವನು.

ಡಾಕ್ಟರ್ ಕೇಳಿದ್ದು ಎರಡೇ ಪ್ರಶ್ನೆ. ಎಷ್ಟು ನಿಮಿಷ ಬಂತು? ಎರಡೂ ಕಡೆ ಕೈಕಾಲು ಆಡ್ತಿತ್ತಾ ಒಂದೇ ಕಡೆನಾ? ನನಗೆ ಒಂದಕ್ಕೂ ಉತ್ತರ ಗೊತ್ತಿರ್ಲಿಲ್ಲ, ಅರ್ಧ ಗಂಟೆ ಬಂದಿರ್ಬೇಕು ಅಂದೆ. ಆಗ ಆ ಹುಡುಗ ಹಿಂದಿನಿಂದ ಮೆತ್ತಗೆ "ಡಾಕ್ಟ್ರೇ, ವೀಡಿಯೋ ಇದೆ" ಅಂದ. ಅವನು ಬಂದ ಮೇಲೆ 50 ಸೆಕೆಂಡ್ ಇತ್ತು. ಮೊದಲಿಂದ ಲೆಕ್ಕ ಹಾಕಿದ್ರೂ ಎರಡು ನಿಮಿಷ ದಾಟಿಲ್ಲ ಅಂದ್ರು ಡಾಕ್ಟರ್. ಇದು ಜ್ವರದ ಫಿಟ್ಸ್, ಎರಡೂ ಕಡೆ ಒಂದೇ ಥರ ಇದೆ, ಹೆದರಬೇಡಿ, ಒಂದು ರಾತ್ರಿ ಇಟ್ಕೊಂಡು ನೋಡಿ ಕಳಿಸ್ತೀವಿ ಅಂದ್ರು, ಕಳಿಸಿದ್ರು.

ನಾನು ಕೇಳ್ಬೇಕು ಅಂತಿರೋದು, ಮತ್ತೆ ಬರುತ್ತಾ? ಮತ್ತೆ ಬಂದ್ರೆ ನಾನು ಏನು ಮಾಡ್ಬೇಕು? ನಮ್ಮೂರಿಂದ ಆಸ್ಪತ್ರೆ ಅಷ್ಟು ದೂರ. ಡಾಕ್ಟರ್ ಹೇಳಿದ್ರು, ಆದ್ರೆ ಆಗ ನನ್ನ ತಲೆಗೆ ಏನೂ ಇಳೀಲಿಲ್ಲ.

ಮಕ್ಕಳವಾರ್ಡ್_ಸಿಸ್ಟರ್
ಜುಲೈ 17, ಬೆಳಿಗ್ಗೆ 6:15

ಅಮ್ಮಾ, ನೈಟ್ ಡ್ಯೂಟಿ ಮುಗಿಸಿ ಬಸ್ಸಲ್ಲಿ ಕೂತು ಓದಿದೆ. ಮೈಸೂರಲ್ಲಿ ಮಕ್ಕಳ ವಾರ್ಡಲ್ಲಿ ನರ್ಸ್ ನಾನು, 14 ವರ್ಷ ಆಯ್ತು. ನಿಮ್ಮಂಥ ಅಮ್ಮಂದಿರನ್ನ ತಿಂಗಳು ತಿಂಗಳೂ ನೋಡ್ತೀನಿ, ಮಗು ಎದ್ದು ಬಿಸ್ಕೆಟ್ ತಿಂತಾ ಇರುತ್ತೆ, ಅಮ್ಮ ಗೋಡೆಗೆ ಒರಗಿ ನಡುಗ್ತಾ ಇರ್ತಾರೆ. ನಿಮ್ಮ ನಡುಕ ತೀರಾ ಸಹಜ, ಅದಕ್ಕೆ ನಾಚ್ಕೋಬೇಡಿ.

ಮೊದಲು ಗೊತ್ತಿರಬೇಕಾದ್ದು, ಇದು ನಿಮ್ಮ ಮಗುಗೆ ಮಾತ್ರ ಬಂದಿರೋ ಕಾಯಿಲೆ ಅಲ್ಲ. ಆರು ತಿಂಗಳಿಂದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಎರಡರಿಂದ ಐದು ಮಕ್ಕಳಿಗೆ ಒಂದ್ಸಲವಾದ್ರೂ ಹೀಗಾಗುತ್ತೆ. ಆ ವಯಸ್ಸಿನ ಮಿದುಳು ಜ್ವರಕ್ಕೆ ಬೇಗ ಕೆರಳುತ್ತೆ, ಕೆಲವು ಮನೆತನದಲ್ಲಿ ಜಾಸ್ತಿ, ಹಾಗಾಗಿ ಅಪ್ಪನಿಗೋ ಚಿಕ್ಕಪ್ಪನಿಗೋ ಸಣ್ಣದರಲ್ಲಿ ಬಂದಿತ್ತಾ ಅಂತ ಅತ್ತೆ ಹತ್ರ ಕೇಳಿ ನೋಡಿ. ಎಷ್ಟೋ ಸಲ ಜ್ವರ ಬಂದಿದೆ ಅಂತ ಗೊತ್ತಾಗೋದೇ ಫಿಟ್ಸ್ ಬಂದ ಮೇಲೆ. ಅದಕ್ಕೇ ನೀವು ಸಂಜೆ ಸರಿಯಾಗಿ ನೋಡ್ಲಿಲ್ಲ, ಔಷಧಿ ತಡ ಮಾಡಿದೆ ಅಂತ ನಿಮ್ಮನ್ನ ನೀವು ಬೈಕೋಬೇಡಿ. ಪ್ಯಾರಾಸಿಟಮಾಲ್ ಸರಿಯಾದ ಹೊತ್ತಿಗೆ ಕೊಟ್ರೂ ಫಿಟ್ಸ್ ತಡೆಯುತ್ತೆ ಅಂತ ಇಲ್ಲ, ಮಗುವಿನ ಮೈಕೈ ನೋವು ಸಂಕಟ ಕಮ್ಮಿ ಆಗಲಿ ಅಂತ ಕೊಡೋದು ಅದು.

ಮತ್ತೆ ಬರುತ್ತಾ ಅಂದ್ರೆ, ಮೂರು ಮಕ್ಕಳಲ್ಲಿ ಒಂದು ಮಗುಗೆ ಇನ್ನೊಂದ್ಸಲ ಬರಬಹುದು. ಉಳಿದ ಎರಡಕ್ಕೆ ಬರಲ್ಲ. ಒಂದೂವರೆ ವರ್ಷಕ್ಕಿಂತ ಮೊದಲೇ ಬಂದಿದ್ರೆ, ಮನೇಲಿ ಯಾರಿಗಾದ್ರೂ ಇದ್ದಿದ್ರೆ ಸ್ವಲ್ಪ ಜಾಸ್ತಿ. ಐದಾರು ವರ್ಷ ಆಗೋ ಹೊತ್ತಿಗೆ ಸಾಮಾನ್ಯವಾಗಿ ತಾನಾಗೇ ಬಿಟ್ಟುಹೋಗುತ್ತೆ. ನಿಮ್ಮ ಮಗನಿಗೆ ಬಂದ ಥರದ ಚಿಕ್ಕ ಫಿಟ್ಸಿಂದ ಮಿದುಳಿಗೆ ಏಟು ಬೀಳಲ್ಲ, ಓದೋದು ಮಾತಾಡೋದು ಏನೂ ಹಿಂದೆ ಬೀಳಲ್ಲ.

ಮತ್ತೆ ಬಂದ್ರೆ ಮಾಡೋದು ಇಷ್ಟೇ. ತೊಡೆ ಮೇಲೆ ಇಟ್ಕೋಬೇಡಿ, ನೆಲದ ಮೇಲೆ ಚಾಪೆ ಹಾಕಿ ಒಂದು ಮಗ್ಗುಲಿಗೆ ಮಲಗ್ಸಿ, ಜೊಲ್ಲು ವಾಂತಿ ಏನಿದ್ರೂ ಕೆಳಗೆ ಹರಿದುಹೋಗ್ಲಿ. ಕತ್ತಿನ ಹತ್ರ ಬಟ್ಟೆ ಬಿಗಿ ಇದ್ರೆ ಸಡಿಲ ಮಾಡಿ. ಮೊಬೈಲಲ್ಲಿ ಟೈಮ್ ನೋಡಿ. ಕೈಕಾಲು ಅದುಮಿ ಹಿಡೀಬೇಡಿ. ಬಾಯಿಗೆ ಬೆರಳು, ಚಮಚ, ಬಟ್ಟೆ, ನೀರು, ಔಷಧಿ ಏನೂ ಹಾಕಬೇಡಿ. ನಾಲಿಗೆ ನುಂಗಿಬಿಡುತ್ತೆ ಅಂತ ಎಲ್ಲರೂ ಹೆದರ್ತಾರೆ, ನಾಲಿಗೆ ನುಂಗೋಕೆ ಆಗಲ್ಲಮ್ಮ. ಒಳಗೆ ಹಾಕಿದ ವಸ್ತುವಿಂದಲೇ ಹಲ್ಲು ಮುರಿದು ಉಸಿರುದಾರಿಗೆ ಹೋಗೋದು. ಐದು ನಿಮಿಷ ಆದ್ರೂ ನಿಲ್ಲಲಿಲ್ಲ ಅಂದ್ರೆ ಅದು ಎಮರ್ಜೆನ್ಸಿ, ಆಗ ಕಾಯೋ ಹಾಗಿಲ್ಲ. ಮೊದಲ ಸಲ ಬಂದಾಗ ಮಾತ್ರ ಬೇಗ ನಿಂತ್ರೂ ಡಾಕ್ಟರ್ ಹತ್ರ ಹೋಗಲೇಬೇಕು, ನೀವು ಹೋಗಿದ್ದು ಸರಿ.

ಆ ಹುಡುಗನಿಗೆ ಒಂದು ಕಾಫಿ ಕೊಟ್ಟು ಸಮಾಧಾನ ಹೇಳಿ. ಡಾಕ್ಟರಿಗೆ ವೀಡಿಯೋಗಿಂತ ಒಳ್ಳೆ ಸಾಕ್ಷಿ ಇಲ್ಲ. ಮೊದಲು ಮಗುನ ಮಗ್ಗುಲಿಗೆ ಹಾಕಿ, ಆಮೇಲೆ ಇನ್ನೊಬ್ರು ಇದ್ರೆ ವೀಡಿಯೋ.

ಧಾರವಾಡ_ಅವ್ವ
ಜುಲೈ 17, ಬೆಳಿಗ್ಗೆ 9:02

ಅಕ್ಕಾರ, ನಿಮ್ಮದು ಓದಿ ಕಣ್ಣಾಗ ನೀರು ಬಂತು. ನಮ್ ಮಗಳಿಗೂ ಹಿಂಗ ಆಗಿತ್ರಿ, ಹದಿನಾಲ್ಕು ತಿಂಗಳ ಕೂಸಿದ್ದಾಗ. ಈಗ ಆಕಿ ನಾಲ್ಕನೇ ಕ್ಲಾಸ್. ನಮ್ಮ ಮನ್ಯಾಗ ಆವತ್ತ ನಮ್ಮ ಮಾವನೋರು ಹಲ್ಲು ಬಿಡಸ್ಬೇಕಂತ ಸ್ಟೀಲ್ ಚಮಚಾ ಬಾಯಾಗ ಹಾಕಿ ಮೀಟಿದ್ರು, ಮುಂದಿನ ಹಲ್ಲು ಮುರದು ರಕ್ತ ಬಂದು ಆ ರಕ್ತ ನೋಡಿ ನಾವೆಲ್ಲಾರೂ ಇನ್ನಷ್ಟ ಹೆದರಿದ್ವಿ, ಫಿಟ್ಸಿನಿಂದನ ರಕ್ತ ಬಂತು ಅಂತ ತಿಳಕೊಂಡ್ವಿ. ದವಾಖಾನ್ಯಾಗ ಎಕ್ಸ್‌ರೇ ತಗದು ಹಲ್ಲಿನ ಚೂರು ಶ್ವಾಸಕೋಶಕ್ಕ ಹೋಗಿಲ್ಲ ಅಂತ ಹೇಳೂತನಕ ಮಾವನೋರು ಹೊರಗ ಕಟ್ಟಿ ಮ್ಯಾಲ ಕುಂತು ಅಳಾಕತ್ತಿದ್ರು. ಅವರದೇನೂ ತಪ್ಪಿಲ್ರಿ, ಮೊಮ್ಮಗಳ ಮ್ಯಾಲ ಜೀವ ಇಟ್ಟಿದ್ರು, ಹೇಳೋರು ಯಾರೂ ಇರ್ಲಿಲ್ಲ ಅಷ್ಟ.

ಆಕಿಗೆ ಮುಂದ ಇನ್ನೂ ಎರಡು ಸಲ ಬಂತು, ಎರಡೂವರಿ ವರ್ಷಕ್ಕ ಕಡೀದು. ಅದಾದಮ್ಯಾಲ ಎಷ್ಟ ಜ್ವರ ಬಂದ್ರೂ ಬಂದಿಲ್ಲ. ಈಗ ಖೋಖೋ ಆಡ್ತಾಳ, ಮನಿ ತಲಿ ಮ್ಯಾಲ ಹೊತ್ಕೊಂಡಿರ್ತಾಳ. ನೀವು ಧೈರ್ಯಾ ತಗೊಳ್ರಿ.

ಮಸ್ಕತ್ತಿನ_ಅಪ್ಪ
ಜುಲೈ 17, ಮಧ್ಯಾಹ್ನ 1:30

ನಾನು ಕುಂದಾಪುರದವ, ಕೆಲಸ ಮಸ್ಕತ್ತಿನಲ್ಲಿ. ನಮ್ಮ ಮಗುವಿಗೆ ಹೀಗಾದಾಗ ನಾನು ವೀಡಿಯೋ ಕಾಲ್‌ನಲ್ಲಿದ್ದೆ ಮಾರಾಯ್ರೆ. ಹೆಂಡತಿ ಫೋನ್ ಕೆಳಗೆ ಹಾಕಿ ಓಡಿದ್ಳು, ನನಗೆ ಕಾಣುದು ಮನೆಯ ಮಾಡು ಮಾತ್ರ, ಕೇಳುದು ಅವಳ ಕೂಗು ಮಾತ್ರ. ಇಲ್ಲಿ ಕೂತು ಎಂತ ಮಾಡುದು ಹೇಳಿ. ಆ ಕಾಲ್ ಕಟ್ ಆದ ಮೇಲೆ ಮೂರು ಗಂಟೆ ಯಾರೂ ಫೋನ್ ಎತ್ತಲಿಲ್ಲ. ಅದರ ಬಗ್ಗೆ ಹೆಚ್ಚು ಬರೆಯುದಿಲ್ಲ.

ಊರಿಗೆ ಹೋದಾಗ ನಾನು ಮಾಡಿದ್ದು ಒಂದು ಕೆಲಸ. ದೊಡ್ಡ ಅಕ್ಷರದಲ್ಲಿ ಒಂದು ಕಾಗದ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದು, ಮಗ್ಗುಲಿಗೆ ಮಲಗಿಸಿ, ಗಂಟೆ ನೋಡಿ, ಬಾಯಿಗೆ ಏನೂ ಹಾಕಬೇಡಿ, ಐದು ನಿಮಿಷ ದಾಟಿದರೆ ಫಿಟ್ಸ್ ನಿಲ್ಲಿಸುವ ಮೂಗಿನ ಸ್ಪ್ರೇ, 108, ಆಮೇಲೆ ಮಗುವಿನ ಡಾಕ್ಟರ ನಂಬರ್, ರಿಕ್ಷಾದವರ ನಂಬರ್, ಮಗುವಿನ ತೂಕ. ತೂಕ ಪೆನ್ಸಿಲ್‌ನಲ್ಲಿ ಬರೆದದ್ದು, ತಿಂಗಳಿಗೊಮ್ಮೆ ಅಳಿಸಿ ಬರೀಲಿಕ್ಕೆ ಆಗ್ತದೆ. ಹೆದರಿಕೆಯಲ್ಲಿ ಗೊತ್ತಿದ್ದದ್ದೂ ಮರೆತುಹೋಗ್ತದೆ, ಕಾಗದಕ್ಕೆ ಮರೆವಿಲ್ಲ. ಅಮ್ಮನಿಗೆ ಕನ್ನಡಕ ಇಲ್ಲದೆ ಓದಲಿಕ್ಕೆ ಆಗುದಿಲ್ಲ, ಹಾಗಾಗಿ ಅಕ್ಷರ ಎರಡು ಬೆರಳು ದಪ್ಪ ಮಾಡಿದ್ದೇನೆ.

ತೀರ್ಥಹಳ್ಳಿ_ಅಮ್ಮ
ಜುಲೈ 17, ಸಂಜೆ 4:20

ಸಿಸ್ಟರ್, ನಿಮ್ಮ ಉತ್ತರ ನಾಲ್ಕು ಸಲ ಓದಿದೆ. ಅತ್ತೆಗೆ ಓದಿ ಹೇಳಿದೆ. ಅವರು ಸುಮಾರು ಹೊತ್ತು ಸುಮ್ನಿದ್ದು ಆಮೇಲೆ ಹೇಳಿದ್ರು, ನಮ್ಮನೆಯವರಿಗೆ ಎರಡು ವರ್ಷದವರಿದ್ದಾಗ ಹೀಗೇ ಆಗಿತ್ತಂತೆ, ಒಂದೇ ಸಲ. ಇಷ್ಟು ವರ್ಷ ಯಾರಿಗೂ ಹೇಳಿರ್ಲಿಲ್ಲ, ಹೇಳಿದ್ರೆ ಮನೆತನಕ್ಕೆ ಮೂರ್ಛೆರೋಗ ಇದೆ ಅಂತ ಜನ ಆಡ್ಕೋತಾರೆ ಅಂತ. ಬೀಗದ ಕೈ ಆಗ ಅವರ ಅತ್ತೆ ಕೊಟ್ಟಿದ್ದಂತೆ.

ಒಂದು ಪ್ರಶ್ನೆ, ಜ್ವರದ ಔಷಧಿ ಎಷ್ಟು ಹಾಕ್ಬೇಕು ಅಂತಲೇ ನನಗೆ ಗೊಂದಲ. ಮನೇಲಿ ಮೂರು ಥರ ಬಾಟಲಿ ಇದೆ, ಒಂದೊಂದು ಸಲ ಒಂದೊಂದು ಡಾಕ್ಟರ್ ಬರೆದಿದ್ದು. ಎಲ್ಲಾ ಪ್ಯಾರಾಸಿಟಮಾಲೇ.

ತುಮಕೂರು_ಮೆಡಿಕಲ್ಸ್
ಜುಲೈ 17, ರಾತ್ರಿ 8:45

ಮೇಡಂ ಇದಕ್ಕೆ ನಾನು ಹೇಳ್ತೀನಿ, 20 ವರ್ಷದಿಂದ ಮೆಡಿಕಲ್ ಶಾಪ್ ಇಟ್ಟಿದೀನಿ, ಕೌಂಟರಲ್ಲಿ ದಿನಾ ನೋಡೋ ಎಡವಟ್ಟು ಇದೇ. ಬಾಟಲಿ ಮೇಲೆ ಹೆಸರು ನೋಡ್ಬೇಡಿ, ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇರೋ ಪವರ್ ನೋಡಿ. ಒಂದು ಸಿರಪ್ಪಲ್ಲಿ 5 ಎಂಎಲ್‌ಗೆ 120 ಮಿಲಿಗ್ರಾಂ ಇರುತ್ತೆ, ಇನ್ನೊಂದ್ರಲ್ಲಿ 5 ಎಂಎಲ್‌ಗೆ 250, ಡ್ರಾಪ್ಸಲ್ಲಿ ಒಂದೇ ಎಂಎಲ್‌ಗೆ 100. ಮೂರಕ್ಕೂ ಭಾರಿ ವ್ಯತ್ಯಾಸ. ಡೋಸು ವಯಸ್ಸಿನ ಮೇಲಲ್ಲ, ತೂಕದ ಮೇಲೆ, ಒಂದು ಸಲಕ್ಕೆ ಕೆಜಿಗೆ 15 ಮಿಲಿಗ್ರಾಂ ಲೆಕ್ಕ. 10 ಕೆಜಿ ಮಗು ಅಂದ್ರೆ 150 ಮಿಲಿಗ್ರಾಂ, ಅಂದ್ರೆ 120ರ ಸಿರಪ್ಪಲ್ಲಿ ಸುಮಾರು 6 ಎಂಎಲ್, 250ರದ್ರಲ್ಲಿ 3 ಎಂಎಲ್, ಡ್ರಾಪ್ಸಲ್ಲಿ ಒಂದೂವರೆ ಎಂಎಲ್. ಡ್ರಾಪ್ಸ್ ಬಾಟಲಿ ತಗೊಂಡು ಸಿರಪ್ ಅಳತೇಲಿ 6 ಎಂಎಲ್ ಹಾಕಿದ್ರೆ ನಾಲ್ಕು ಪಟ್ಟು ಆಗೋಯ್ತು, ಲಿವರಿಗೆ ಅಪಾಯ. ಅದಕ್ಕೇ ಮೂರು ಬಾಟಲಿ ಇಟ್ಕೋಬೇಡಿ, ನಿಮ್ಮ ಡಾಕ್ಟರಿಗೆ ತೋರಿಸಿ ಒಂದನ್ನ ಮಾತ್ರ ಉಳಿಸ್ಕೊಳ್ಳಿ, ಅದರ ಮೇಲೆ ಪೆನ್ನಲ್ಲಿ ಎಷ್ಟು ಎಂಎಲ್ ಅಂತ ಬರೆದಿಡಿ. ಅಡುಗೆಮನೆ ಚಮಚ ಬೇಡ, ಸೂಜಿ ಇಲ್ಲದ ಸಿರಿಂಜ್ ತಗೊಳ್ಳಿ. ಒಂದು ಡೋಸಿಂದ ಇನ್ನೊಂದಕ್ಕೆ ಕಮ್ಮಿ ಅಂದ್ರೂ ನಾಲ್ಕರಿಂದ ಆರು ಗಂಟೆ ಇರ್ಬೇಕು, ದಿನಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಬೇಡ. ನೆಗಡಿ ಸಿರಪ್ಪಲ್ಲೂ ಕೆಲವದ್ರಲ್ಲಿ ಪ್ಯಾರಾಸಿಟಮಾಲ್ ಸೇರಿರುತ್ತೆ, ಎರಡೂ ಸೇರಿ ಡಬಲ್ ಆಗುತ್ತೆ. ದೊಡ್ಡವರ ಆಸ್ಪಿರಿನ್ ಮಕ್ಕಳಿಗೆ ಕೊಡಲೇಬೇಡಿ.

ಹಿರಿಯೂರಿನ_ತಾತ
ಜುಲೈ 18, ಬೆಳಿಗ್ಗೆ 7:10

ನನಗೆ 71. ಎಲ್ಲರೂ ಓದಿದವರು ಬರೀತಿದೀರ, ಒಂದು ಮಾತು ಹೇಳ್ತೀನಿ ತಪ್ಪು ತಿಳಿಬೇಡಿ. ನಮ್ಮ ಕಡೆ ಕೈಗೆ ಕಬ್ಬಿಣ ಕೊಡ್ತಿದ್ವಿ, ಈರುಳ್ಳಿ ಜಜ್ಜಿ ಮೂಗಿಗೆ ಹಿಡೀತಿದ್ವಿ, ನಮ್ಮ ಕಣ್ಣೆದುರಿಗೇ ನಿಲ್ತಿತ್ತು. ಎಷ್ಟೋ ಮಕ್ಕಳು ಬದುಕಿದ್ವು. ಅದನ್ನೆಲ್ಲ ಮೂಢನಂಬಿಕೆ ಅಂತ ಒಂದೇ ಮಾತಲ್ಲಿ ತೆಗೆದುಹಾಕಬೇಡಿ, ಆಸ್ಪತ್ರೆ ಇಲ್ಲದ ಕಾಲದಲ್ಲಿ ನಮ್ಮ ಹತ್ತಿರ ಇದ್ದದ್ದೇ ಅಷ್ಟು.

ಮಕ್ಕಳವಾರ್ಡ್_ಸಿಸ್ಟರ್
ಜುಲೈ 18, ಮಧ್ಯಾಹ್ನ 2:05

ತಾತಾ, ನೀವು ನೋಡಿದ್ದು ನಿಜ, ನಿಂತಿದ್ದೂ ನಿಜ. ಈ ಫಿಟ್ಸು ಬಹಳಷ್ಟು ಮಕ್ಕಳಲ್ಲಿ ಎರಡು ಮೂರು ನಿಮಿಷಕ್ಕೆ ತಾನಾಗೇ ನಿಲ್ಲುತ್ತೆ. ಬೀಗದ ಕೈ ಹುಡುಕಿ ತರೋಕೆ ಒಂದು ನಿಮಿಷ, ಮುಷ್ಟಿ ಬಿಡಿಸಿ ಹಿಡಿಸೋಕೆ ಒಂದು ನಿಮಿಷ, ಅಷ್ಟರಲ್ಲಿ ಅದರ ಹೊತ್ತು ಮುಗಿದಿರುತ್ತೆ. ಕಬ್ಬಿಣ ಹಿಡಿಸಿದ್ರೆ ದೊಡ್ಡ ಹಾನಿ ಏನಿಲ್ಲ. ನನ್ನ ಹೆದರಿಕೆ ಬೇರೆ, ಐದು ನಿಮಿಷ ದಾಟೋ ಮಗು ಇರುತ್ತಲ್ಲ, ಆ ಮಗುಗೆ ಕಬ್ಬಿಣ ನಂಬ್ಕೊಂಡು ಕೂತ್ರೆ ಹೊತ್ತು ಕಳೆದುಹೋಗುತ್ತೆ. ಜಜ್ಜಿದ ಈರುಳ್ಳಿ ಮೂಗಿಗೆ ಒತ್ತಿದ್ರೆ ಮೊದಲೇ ಕಷ್ಟಪಡ್ತಿರೋ ಉಸಿರಿಗೆ ಇನ್ನೂ ಅಡ್ಡಿ. ನಿಮ್ಮಂಥ ಹಿರಿಯರು ಮನೇಲಿ "ಮಗ್ಗುಲಿಗೆ ಹಾಕ್ರೋ, ಟೈಮ್ ನೋಡ್ರೋ" ಅಂದ್ರೆ ಡಾಕ್ಟರ್ ಹೇಳಿದ್ದಕ್ಕಿಂತ ಜಾಸ್ತಿ ಕೇಳ್ತಾರೆ ತಾತ.

ಹಿರಿಯೂರಿನ_ತಾತ
ಜುಲೈ 18, ಮಧ್ಯಾಹ್ನ 3:30

ಸರಿಯಮ್ಮ. ಒಪ್ಕೊಂಡೆ. ಬರೆದಿಟ್ಕೊಂಡಿದೀನಿ.

ಕೊಪ್ಪಳ_ಅಂಗನವಾಡಿ_ಟೀಚರ್
ಜುಲೈ 18, ರಾತ್ರಿ 9:15

ಕಬ್ಬಿಣದ ಮಾತು ಬಂತಂತ ಬರಿಯಾಕತ್ತೀನ್ರಿ. ಹಿಡಸೂದು ಬ್ಯಾರೆ, ಕಾಸಿ ಬರೆ ಎಳೆಯೂದು ಬ್ಯಾರೆ. ನಮ್ಮ ಕೇಂದ್ರಕ್ಕ ಬರೋ ಒಂದು ಹುಡುಗನ ಹೊಟ್ಟಿ ಮ್ಯಾಲ ಹೊಕ್ಕಳ ಸುತ್ತ ಐದು ಬರೆ ಅದಾವ್ರಿ, ಸಾಲಾಗಿ, ಬೆರಳ ಗಾತ್ರದ್ದು. ತೂಕ ಹಾಕಾಕ ಅಂಗಿ ಬಿಚ್ಚಿದಾಗ ನೋಡಿದ್ದು. ಅವರವ್ವನ್ನ ಕೇಳಿದ್ರ ಜ್ವರದಾಗ ಬಾಲಗ್ರಹ ಬಡಿದಿತ್ತು, ಊರಾಗ ಒಬ್ಬರು ಬಳಿ ಕಾಸಿ ಹಚ್ಚಿದ್ರು ಅಂದ್ಳು. ಹೇಳೂಮುಂದ ಆಕಿಗೂ ಗಂಟಲು ಕಟ್ಟಿತ್ತು, ಆಕಿನ ಹಿಡಕೊಂಡು ಕುಂತಿದ್ಲಂತ. ಜ್ವರದಾಗ ಮೊದಲೇ ಸೋತ ಕೂಸಿಗೆ ಸುಟ್ಟಗಾಯ ಆಗಿ ಅದು ಕೀವಾಗಿ ಹದಿನೈದು ದಿನ ದವಾಖಾನ್ಯಾಗ ಇದ್ರು. ದಯಮಾಡಿ ಬರೆ ಮಾತ್ರ ಹಾಕಿಸಬ್ಯಾಡ್ರಿ, ಬಾಜೂ ಮನ್ಯಾಗ ಹಾಕಿಸಾಕತ್ತಿದ್ರೂ ಹೋಗಿ ಬಿಡಸ್ರಿ.

ಮತ್ತೊಂದು. ಫಿಟ್ಸ್ ಬಂದ ಕೂಸಿಗೆ ಇಂಜೆಕ್ಷನ್ ಹಾಕಸೂದು ಬಿಟ್ಟಬಿಡ್ತಾರ. ಲಸಿಕಿ ಹಾಕಿದ ದಿನ ಜ್ವರ ಬರ್ತೈತಿ, ಮತ್ತ ಫಿಟ್ಸ್ ಬಂದೀತು ಅಂತ ಹೆದರಿಕಿ. ನಮ್ಮ ಮೆಡಿಕಲ್ ಆಫೀಸರ್ ಹೇಳಿದ್ದು, ಬಿಡಬ್ಯಾಡ್ರಿ, ನರ್ಸಿಗೆ ಮೊದಲ ತಿಳಿಸಿ ಹಾಕಸ್ರಿ, ಆವತ್ತು ಮರುದಿನ ಮೈ ನೋಡ್ಕೋರಿ ಅಂತ. ಲಸಿಕಿ ಬಿಟ್ಟು ದಡಾರ ಬಂದ್ರ ಅದರ ಜ್ವರ ಇನ್ನೂ ಜೋರಿರತೈತಿ.

ಯಲಹಂಕ_ತಾಯಿ
ಜುಲೈ 19, ರಾತ್ರಿ 12:50

ಎಲ್ಲರೂ ಧೈರ್ಯ ಹೇಳ್ತಿದೀರ, ಒಳ್ಳೇದು, ನಾನು ಇನ್ನೊಂದು ಕಡೆಯದನ್ನೂ ಹೇಳ್ಬೇಕು. ನನ್ನ ಮಗಳಿಗೆ ಹನ್ನೊಂದು ತಿಂಗಳಲ್ಲಿ ಬಂದಿದ್ದು 22 ನಿಮಿಷ. ಎಡಗೈ ಎಡಗಾಲು ಮಾತ್ರ ಆಡ್ತಿತ್ತು. ನಾವು ಈಗ ನಿಲ್ಲುತ್ತೆ ಈಗ ನಿಲ್ಲುತ್ತೆ ಅಂತ ಮನೇಲೇ ಹತ್ತು ನಿಮಿಷ ಕಳೆದ್ವಿ, ಆಮೇಲೆ ಕಾರಲ್ಲಿ ಹೋಗೋವಾಗ ಟ್ರಾಫಿಕ್. ಆಸ್ಪತ್ರೇಲಿ ಇಂಜೆಕ್ಷನ್ ಕೊಟ್ಟ ಮೇಲೇ ನಿಂತಿದ್ದು. ಮೂರು ದಿನ ಐಸಿಯು, ಬೆನ್ನಿಂದ ನೀರು ತೆಗೆದು ಟೆಸ್ಟ್ ಮಾಡಿದ್ರು, ಮೆದುಳುಜ್ವರ ಇಲ್ಲ ಅಂತ ಖಾತ್ರಿ ಮಾಡ್ಕೊಳ್ಳೋಕೆ. ಬೆನ್ನಿನ ನೀರು ತೆಗೆದ್ರೆ ಕಾಲು ಹೋಗುತ್ತೆ ಅಂತ ನಮ್ಮ ಸಂಬಂಧಿಕರು ಹೆದರಿಸಿದ್ರು, ಸಹಿ ಹಾಕೋಕೆ ನಮ್ಮವರು ಒಂದು ಗಂಟೆ ತಗೊಂಡ್ರು. ಏನೂ ಆಗಲಿಲ್ಲ, ಮಗಳು ಮೂರನೇ ದಿನ ಎದ್ದು ಕೂತ್ಲು. ಮೆದುಳುಜ್ವರದಲ್ಲಿ ಕತ್ತು ಬಿಗಿಯುತ್ತೆ, ಆದ್ರೆ ಚಿಕ್ಕ ಮಕ್ಕಳಲ್ಲಿ ಅದು ಗೊತ್ತಾಗದೇ ಇರಬಹುದಂತೆ, ಅದಕ್ಕೇ ಒಂದು ವರ್ಷದ ಒಳಗಿನವರಲ್ಲಿ ಡಾಕ್ಟರ್ ಜಾಸ್ತಿ ಎಚ್ಚರ ವಹಿಸ್ತಾರೆ. ಡಾಕ್ಟರ್ ಬೇಕು ಅಂದ್ರೆ ಒಪ್ಕೊಳ್ಳಿ.

ಆಮೇಲೆ ನಮಗೆ ಮೂಗಿಗೆ ಹೊಡೆಯೋ ಮಿಡಜೋಲಂ ಸ್ಪ್ರೇ ಬರೆದುಕೊಟ್ರು. ತೂಕ ನೋಡಿ ಎಷ್ಟು ಸಲ ಒತ್ತಬೇಕು ಅಂತ ಚೀಟೀಲಿ ಬರೆದಿದಾರೆ. ನರ್ಸ್ ಖಾಲಿ ಬಾಟಲಿ ಕೈಗೆ ಕೊಟ್ಟು ನನ್ನ ಹತ್ರ, ನಮ್ಮವರ ಹತ್ರ, ಅಜ್ಜಿ ಹತ್ರ ಮೂರು ಮೂರು ಸಲ ಒತ್ತಿಸಿದ್ರು. ಹೊಸ ಬಾಟಲಿಯಲ್ಲಿ ಮೊದಲು ಗಾಳೀಲಿ ಒತ್ತಿ ಔಷಧಿ ಬರೋದು ನೋಡ್ಕೊಂಡು ಆಮೇಲೆ ಮೂಗಿಗೆ, ಇಲ್ಲಾಂದ್ರೆ ಮೊದಲನೇದು ಬರೀ ಗಾಳಿ. ಎರಡನೇ ಸಲ ಬಂದಾಗ ಐದು ನಿಮಿಷಕ್ಕೆ ಕೊಟ್ವಿ, ಏಳನೇ ನಿಮಿಷಕ್ಕೆ ನಿಂತಿತು. ಕೊಟ್ಟ ಮೇಲೂ ಆಸ್ಪತ್ರೆಗೆ ಹೋಗಲೇಬೇಕು, ಅದು ನಿದ್ದೆ ಬರಿಸುತ್ತೆ, ಉಸಿರಾಟ ಮಂದ ಆಗಬಹುದು, ಕಣ್ಣು ಬಿಟ್ಟು ಎದೆ ನೋಡ್ತಾ ಕೂರ್ಬೇಕು.

ದಾವಣಗೆರೆ_ಅಪ್ಪಾಜಿ
ಜುಲೈ 19, ಬೆಳಿಗ್ಗೆ 10:30

ನಮ್ಮ ಡಾಕ್ಟರ್ ಜ್ವರ ಬಂದ ಕೂಡ್ಲೇ ಮೂರು ದಿನ ಕ್ಲೋಬಜಾಮ್ ಅನ್ನೋ ಫಿಟ್ಸ್ ಮಾತ್ರೆ ಕೊಡಿ ಅಂತ ಹೇಳಿದಾರೆ. ನನ್ನ ತಂಗಿ ಮಗನಿಗೂ ಇದೇ ಫಿಟ್ಸ್, ಅವರ ಡಾಕ್ಟರ್ ಏನೂ ಬೇಡ ಅಂದಿದಾರೆ. ಯಾರು ಸರಿ? ಆ ಮಾತ್ರೆ ಕೊಟ್ರೆ ಮಗು ಕುಡಿದವರ ಥರ ತೂರಾಡುತ್ತೆ, ನೋಡೋಕಾಗಲ್ಲ.

ಮಕ್ಕಳವಾರ್ಡ್_ಸಿಸ್ಟರ್
ಜುಲೈ 19, ಸಂಜೆ 6:40

ಇಬ್ಬರೂ ಸರಿ ಇರಬಹುದು ಸರ್. ಒಂದೆರಡು ಸಲ ಚಿಕ್ಕದಾಗಿ ಬಂದು ನಿಂತಿರೋ ಮಗುಗೆ ಸಾಮಾನ್ಯವಾಗಿ ಯಾವ ಫಿಟ್ಸ್ ಔಷಧಿನೂ ಬೇಕಾಗಲ್ಲ. ಪದೇಪದೇ ಬರ್ತಿದ್ರೆ, ಉದ್ದಕ್ಕೆ ಬಂದಿದ್ರೆ, ಆಸ್ಪತ್ರೆ ದೂರ ಇದ್ರೆ ಡಾಕ್ಟರ್ ಯೋಚನೆ ಮಾಡಿ ಜ್ವರದ ಎರಡು ಮೂರು ದಿನ ಮಾತ್ರ ಕೊಡ್ತಾರೆ. ತೂಕಡಿಕೆ ತೂರಾಟ ಅದರಿಂದ ಬರೋದು, ಡಾಕ್ಟರಿಗೆ ಹೇಳಿದ್ರೆ ಡೋಸ್ ನೋಡ್ತಾರೆ. ನೀವಾಗೇ ನಿಲ್ಲಿಸಬೇಡಿ, ನಿಮ್ಮ ಮಾತ್ರೆ ತಂಗಿ ಮಗನಿಗೂ ಕೊಡಬೇಡಿ.

ಯಲಹಂಕದ ತಾಯಿ ಬರೆದಿದ್ದು ಎಲ್ಲರೂ ಓದಬೇಕು. ತಡ ಮಾಡಬಾರದ ಗುರುತುಗಳನ್ನೂ ಹೇಳಿಬಿಡ್ತೀನಿ. ಐದು ನಿಮಿಷ ದಾಟೋದು, ಒಂದೇ ಕಡೆ ಬರೋದು, 24 ಗಂಟೆ ಒಳಗೆ ಇನ್ನೊಂದ್ಸಲ ಬರೋದು, ನಿಂತು ಒಂದು ಗಂಟೆ ಆದ್ರೂ ಮಗು ಸರಿಯಾಗಿ ಎಚ್ಚರ ಆಗದೇ ಇರೋದು, ಮಗು ಆರು ತಿಂಗಳಿಗಿಂತ ಚಿಕ್ಕದಿರೋದು, ಜ್ವರವೇ ಇಲ್ಲದೆ ಬರೋದು, ನೆತ್ತಿ ಉಬ್ಬಿರೋದು, ಕತ್ತು ಬಗ್ಗಿಸೋಕಾಗದೇ ಇರೋದು, ಒಂದೇ ಸಮ ವಾಂತಿ, ಮೈ ಮೇಲೆ ಒತ್ತಿದ್ರೂ ಮಾಸದ ಕೆಂಪು ನೇರಳೆ ಚುಕ್ಕೆ. ಇದ್ರಲ್ಲಿ ಯಾವುದೊಂದಿದ್ರೂ ಬೆಳಗಾಗ್ಲಿ ಅಂತ ಕಾಯ್ಬೇಡಿ. ಇನ್ನೊಂದು, ಫಿಟ್ಸ್ ನಡೀತಿರೋವಾಗ ಮಗು ತಲೆಗೆ ತಣ್ಣೀರು ಸುರಿಯೋದು, ಟಬ್ಬಲ್ಲಿ ಕೂರಿಸೋದು ಬೇಡ.

ಆಂಬುಲೆನ್ಸ್_ಹುಡುಗ
ಜುಲೈ 20, ಬೆಳಿಗ್ಗೆ 5:30

108ರಲ್ಲಿ ಆರು ವರ್ಷ ಕೆಲಸ ಮಾಡಿದೀನಿ, ಈಗ ಬೇರೆ ಕಡೆ. ಫೋನ್ ಮಾಡೋರು ಮಾಡೋ ಒಂದೇ ತಪ್ಪು ಹೇಳ್ತೀನಿ, ಮಗು ಹೆಂಗೆ ಆಗ್ತಿದೆ ಅಂತ ಅಳ್ತಾ ಹೇಳ್ತಾರೆ, ಎಲ್ಲಿದೀವಿ ಅಂತ ಹೇಳಲ್ಲ. ಮೊದಲು ತಾಲೂಕು, ಊರು, ಹತ್ತಿರದ ಗುರುತು ಹೇಳಿ, ಡೈರಿ, ಶಾಲೆ, ಮಾರಮ್ಮನ ಗುಡಿ, ಏನಿದ್ರೂ ಸರಿ, ಆಮೇಲೆ ಮಗು ವಯಸ್ಸು, ಎಷ್ಟು ನಿಮಿಷದಿಂದ ಬರ್ತಿದೆ. ಫೋನ್ ಇಡಬೇಡಿ, ಆ ಕಡೆಯವರು ಏನು ಮಾಡಬೇಕು ಅಂತ ಹೇಳ್ತಾರೆ. ಒಬ್ಬರು ಟಾರ್ಚ್ ಹಿಡ್ಕೊಂಡು ಮೇನ್ ರೋಡಿಗೆ ಬರಲಿ. ತೋಟದ ಮನೆಗಳಲ್ಲಿ ನಾವು ಗೇಟ್ ಹುಡುಕೋದ್ರಲ್ಲೇ ಹತ್ತು ನಿಮಿಷ ಹೋಗಿರೋದಿದೆ.

ಪಕ್ಕದಲ್ಲೇ ಗಾಡಿ ರೆಡಿ ಇದ್ದು ಆಸ್ಪತ್ರೆ ಹತ್ರ ಇದ್ರೆ ಕಾಯ್ಬೇಡಿ, ಹೊರಡಿ. ಆದ್ರೆ ಬೈಕಲ್ಲಿ ಮಧ್ಯೆ ಕೂರಿಸ್ಕೊಂಡು ಹೋಗ್ಬೇಡಿ, ಕತ್ತು ಮುಂದೆ ಬಿದ್ದು ಉಸಿರು ಕಟ್ಟುತ್ತೆ. ಆಟೋ ಕಾರು ಯಾವುದಾದ್ರೂ ಹಿಂದಿನ ಸೀಟಲ್ಲಿ ಒಬ್ಬರು ಮಗುನ ಮಗ್ಗುಲಾಗಿ ಹಿಡ್ಕೊಂಡು ಮುಖ ನೋಡ್ತಾ ಇರ್ಬೇಕು. ಶಾಲು ಮುಚ್ಚಿ ಎದೆಗೆ ಅವುಚ್ಕೊಂಡು ಬರ್ತಾರೆ, ಪ್ರೀತಿ ಅರ್ಥ ಆಗುತ್ತೆ, ಮಗುಗೆ ಗಾಳಿ ಬೇಕು.

ಧಾರವಾಡ_ಅವ್ವ
ಜುಲೈ 20, ಬೆಳಿಗ್ಗೆ 8:25

ತೀರ್ಥಹಳ್ಳಿ ಅಕ್ಕಾರ, ನಿದ್ದಿ ಬಂತೇನ್ರಿ? ನನಗ ಮೂರು ತಿಂಗಳು ಬಂದಿದ್ದಿಲ್ಲ. ರಾತ್ರಿ ಹತ್ತು ಸಲ ಹಣಿ ಮುಟ್ಟಿ ನೋಡ್ತಿದ್ದೆ, ಥರ್ಮಾಮೀಟರ್ ದಿಂಬಿನ ಬುಡಕ ಇಟ್ಕೊಂಡು ಮಲಗ್ತಿದ್ದೆ. ಕಡೀಕ ನಮ್ಮ ಮನಿಯವ್ರು ಪಾಳಿ ಮಾಡಿದ್ರು, ರಾತ್ರಿ ಎರಡರ ತನಕ ಅವರು, ಮುಂದ ನಾನು. ಆರಾಮಿದ್ದ ಕೂಸಿಗೆ ಎದಕ್ಕ ಪಾಳಿ ಅಂತ ಯಾರೂ ಕೇಳಲಿಲ್ಲ. ಪೂರಾ ನಾಲ್ಕು ತಾಸು ನಿದ್ದಿ ಮಾಡಿದ ದಿನ ನಾನು ಮನಷಾ ಆದೆ. ನೀವೂ ಯಾರಿಗರೆ ಹೇಳ್ರಿ, ಒಬ್ಬರ ಹೊರಬ್ಯಾಡ್ರಿ.

ತೀರ್ಥಹಳ್ಳಿ_ಅಮ್ಮ
ಜುಲೈ 20, ರಾತ್ರಿ 10:05

ಇನ್ನೂ ಬಂದಿಲ್ಲ ಅಕ್ಕ. ಇವತ್ತು ಅತ್ತೆ ಹತ್ರ ಕೇಳ್ತೀನಿ. ಎಲ್ಲರಿಗೂ ಕೈ ಮುಗೀತೀನಿ, ಯಾರೂ ನನ್ನನ್ನ ಬೈಲಿಲ್ಲ. ಪಕ್ಕದ ಮನೆ ಹುಡುಗ ಇವತ್ತು ಬಂದಿದ್ದ, ಕ್ಷಮಿಸೋ ಅಂದೆ. "ಇರ್ಲಿ ಬಿಡಿ ಆಂಟಿ" ಅಂತ ತಲೆ ತಗ್ಗಿಸ್ಕೊಂಡು ಮಗುನ ಎತ್ಕೊಂಡು ಹೋದ.

ತೀರ್ಥಹಳ್ಳಿ_ಅಮ್ಮ
ಮಾರ್ಚ್ 9, ಸಂಜೆ 7:30

ಎಂಟು ತಿಂಗಳಾದ ಮೇಲೆ ಮತ್ತೆ ಇಲ್ಲೇ ಬರೀತಿದೀನಿ, ಹೊಸದಾಗಿ ಓದೋರಿಗೆ ಒಂದೇ ಕಡೆ ಸಿಗ್ಲಿ ಅಂತ.

ಶುಕ್ರವಾರ ರಾತ್ರಿ ಮತ್ತೆ ಬಂತು. ಜ್ವರ 102 ಇತ್ತು, ಮಲಗಿದ್ದ, ಅದೇ ಥರ ಸೆಟ್ಕೊಂಡ. ನನ್ನ ಎದೆ ಹೊಡ್ಕೊಳ್ಳೋದು ಕಿವೀಲಿ ಕೇಳ್ತಿತ್ತು, ಹೆದರಿಕೆ ಏನೂ ಕಮ್ಮಿ ಆಗಿರ್ಲಿಲ್ಲ, ಆದ್ರೆ ಕೈ ಅದರ ಪಾಡಿಗೆ ಅದು ಕೆಲಸ ಮಾಡ್ತು, ಕೆಳಗೆ ಚಾಪೆ ಮೇಲೆ ಇಳಿಸಿ ಎಡಮಗ್ಗುಲಿಗೆ ತಿರುಗಿಸ್ದೆ, ಮೊಬೈಲ್ ನೋಡ್ದೆ, 1:17. ನಮ್ಮನೆಯವರು ಸ್ಪ್ರೇ ತಂದು ಮುಚ್ಚಳ ತೆಗೆದು ಹಿಡ್ಕೊಂಡು ಕೂತ್ರು, ಅವರ ಕೈ ನಡುಗ್ತಿತ್ತು. ನಮಗೂ ಬರೆದುಕೊಟ್ಟಿದಾರೆ, ಆಸ್ಪತ್ರೆ ದೂರ ಅಂತ. ಅತ್ತೆ ಬಂದ್ರು. ಬೀಗದ ಕೈ ತರಲಿಲ್ಲ, ಟಾರ್ಚ್ ತಂದು ಮಗು ಮುಖಕ್ಕೆ ಓರೆಯಾಗಿ ಹಿಡಿದು ನಿಂತು, ಪ್ರತಿ ಸ್ವಲ್ಪ ಹೊತ್ತಿಗೆ "ಎಷ್ಟಾಯ್ತೇ? ಎಷ್ಟಾಯ್ತೇ?" ಅಂತ ಕೇಳ್ತಿದ್ರು, ನಾನು ಜೋರಾಗಿ ಹೇಳ್ತಿದ್ದೆ, ಒಂದು ನಿಮಿಷ, ಒಂದೂವರೆ, ಎರಡು. ಎರಡು ನಿಮಿಷ ಆಗಿ ಸ್ವಲ್ಪ ಹೊತ್ತಿಗೆ ಬಿಡ್ತು. ಸ್ಪ್ರೇ ಬೇಕಾಗ್ಲಿಲ್ಲ. ಬಾಯಿಂದ ಜೊಲ್ಲು ಚಾಪೆ ಮೇಲೆ ಹರಿದಿತ್ತು, ಅತ್ತೆ ಸೆರಗಲ್ಲಿ ಒರೆಸಿದ್ರು. ಮುಕ್ಕಾಲು ಗಂಟೆಗೆ ಎದ್ದು ನೀರು ಕೇಳ್ದ, ಈಗ "ನೀರು" ಅಂತ ಸರಿಯಾಗೇ ಹೇಳ್ತಾನೆ. ಪೂರ್ತಿ ಎಚ್ಚರ ಆಗೋವರೆಗೂ ಕೊಡ್ಲಿಲ್ಲ. ಡಾಕ್ಟರಿಗೆ ಫೋನ್ ಮಾಡಿ ಹೇಳಿ, ಬೆಳಿಗ್ಗೆ ಕರ್ಕೊಂಡು ಹೋದ್ವಿ, ಕಿವಿ ಸೋಂಕು ಅಂತ ಔಷಧಿ ಕೊಟ್ರು.

ಯಲಹಂಕದ ಅಕ್ಕ, ಒಂದು ಕೇಳ್ಬೇಕಿತ್ತು. ನಮ್ಮ ಸ್ಪ್ರೇ ಮೇಲೆ ಮೇ ತಿಂಗಳಿಗೆ ಎಕ್ಸ್‌ಪೈರಿ ಅಂತಿದೆ. ಹೊಸದಕ್ಕೆ ಮತ್ತೆ ಡಾಕ್ಟರ್ ಚೀಟಿ ಬೇಕೇಬೇಕಾ? ಮಗನ ತೂಕ ಎರಡು ಕೆಜಿ ಏರಿದೆ, ಎಷ್ಟು ಸಲ ಒತ್ತಬೇಕು ಅನ್ನೋದೂ ಬದಲಾಗುತ್ತಲ್ವಾ? ಜೂನಿಂದ ಅವನನ್ನ ಅಂಗನವಾಡಿಗೆ ಕಳಿಸ್ಬೇಕು ಅಂತಿದೀವಿ, ಟೀಚರಿಗೂ ಒಂದು ಬಾಟಲಿ ಕೊಟ್ಟಿರ್ಬೇಕಾ ಅಂತ.

ಯಲಹಂಕ_ತಾಯಿ
ಮಾರ್ಚ್ 9, ರಾತ್ರಿ 9:50

ಚೀಟಿ ಬೇಕೇಬೇಕು, ಅದಿಲ್ಲದೆ ಮೆಡಿಕಲ್ ಶಾಪಲ್ಲಿ ಕೊಡೋ ಹಾಗಿಲ್ಲ. ಡೋಸೂ ಬದಲಾಗುತ್ತೆ, ಹಾಗಾಗಿ ಮಗುನ ಕರ್ಕೊಂಡೇ ಹೋಗಿ, ಅಲ್ಲೇ ತೂಕ ಹಾಕಿಸಿ ಬರೆಸ್ಕೊಳ್ಳಿ, ಮೇ ತನಕ ಕಾಯ್ಬೇಡಿ. ಟೀಚರ್ ವಿಷಯ ಡಾಕ್ಟರ್ ಹತ್ರನೇ ಕೇಳಿ, ಒಪ್ಪಿದ್ರೆ ಟೀಚರ್‌ಗೆ ಒಂದ್ಸಲ ಹೇಗೆ ಒತ್ತೋದು ಅಂತ ತೋರಿಸೋಕೆ ಹೇಳಿ. ನಾವು ಮಗಳ ಸ್ಕೂಲಿಗೆ ಡಾಕ್ಟರ್ ಹತ್ರ ಬರೆಸಿ ಒಂದು ಪತ್ರ, ಒಂದು ಬಾಟಲಿ, ನಮ್ಮಿಬ್ಬರ ನಂಬರ್ ಒಂದು ಕವರಲ್ಲಿ ಹಾಕಿ ಕೊಟ್ಟಿದೀವಿ. ಮಗು ಹೆಸರು ಕವರ್ ಮೇಲೆ ದೊಡ್ಡದಾಗಿ ಬರೀರಿ.

ತೀರ್ಥಹಳ್ಳಿ_ಅಮ್ಮ
ಮಾರ್ಚ್ 9, ರಾತ್ರಿ 10:15

ಸರಿ ಅಕ್ಕ. ಬುಧವಾರ ಸಂತೆಗೆ ಹೋಗೋದಿದೆ, ಆವತ್ತೇ ಡಾಕ್ಟರ್ ಹತ್ರನೂ ಹೋಗಿ ಬರ್ತೀನಿ. ಅತ್ತೆನೂ ಬರ್ತಾರಂತೆ, ಒತ್ತೋದು ಅವರೂ ಕಲೀಬೇಕಂತೆ.